ನೂರಾ ಐದರ ಚುಕ್ಕಿ

ತೊಂಬತ್ನಾಲ್ಕರ ಮಾರುತಿಯ ಗೇಜಿನಾಗ
ಒಂದು ಅಂಕಿನೂ ಇಲ್ಲ.
ಕೆಳಗ ಸಿ, ಮ್ಯಾಲ ಎಚ್,
ನಡುವ ನಡಗೂ ಒಂದು ಮುಳ್ಳು.
ಮೂವತ್ತು ವರ್ಷ ಗಣಿತ ಕಲಿಸಿದಾಕಿ ನಾನು,
ಏಕಮಾನ ಬರೀದಿದ್ರ ಅರ್ಧ ಮಾರ್ಕು ಕಡದಾಕಿ.
ಇಂಥಾದ್ದನ್ನ ಹ್ಯಾಂಗ ನಂಬಲಿ?

ಬೆಟಗೇರಿಯ ಮಕ್ತುಂಸಾಬ ನಕ್ಕು
ಪಿಸ್ತೂಲಿನಂಥ ಥರ್ಮಾಮೀಟರು ತಂದ.
ಎಂಜಿನ್ನಿನ ಎದಿಗೆ ಗುರಿ ಇಟ್ಟು
ಒಂದೊಂದ ಒದರಿದ:
"ಎಂಬತ್ತೆರಡಕ್ಕ ಥರ್ಮೋಸ್ಟಾಟ್ ಬಾಯಿ ಬಿಡ್ತದ್ರಿ ಟೀಚರ್.
ತೊಂಬತ್ತು ಅಂದ್ರ ಅದರ ಮನಿ.
ಇನ್ನೈದು ಏರಿದ್ರ ಫ್ಯಾನು ಗುರ್ ಅನಬೇಕು.
ನೂರಕ್ಕ ಅಂಜಬ್ಯಾಡ್ರಿ,
ಮುಚ್ಚಳ ಬಿಗಿ ಇದ್ರ ಕುದಿಯೂದಿಲ್ಲ.
ನೂರಾ ಐದು ದಾಟಿತೋ,
ಮದುವಿ ಇರಲಿ, ಮಣ್ಣಿರಲಿ, ಬದಿಗಿಡ್ರಿ.
ಅಲ್ಯೂಮಿನಿಯಂ ಹೆಡ್ಡು, ಒಮ್ಮೆ ಸೊಟ್ಟಾತಂದ್ರ
ಗ್ಯಾರೇಜಿಗೆ ಸುಗ್ಗಿ, ನಿಮಗ ಶಿಕ್ಷಾ.
ಬೋರಿನ ನೀರಂತೂ ಹಾಕಬ್ಯಾಡ್ರಿ,
ನಿಮ್ಮ ಚಾದ ಪಾತೇಲಿ ತಳ ನೋಡೀರಲ್ಲ,
ಅದ ಬಿಳಿ ಒಳಗೂ ಕಟ್ತದ."

ಮಗಳ ನೇಲ್ ಪಾಲಿಶ್ ತರಿಸಿ
ಗಾಜಿನ ಮ್ಯಾಲ ಎರಡು ಚುಕ್ಕಿ ಇಟ್ಟ.
ತೊಂಬತ್ತಕ್ಕ ಗುಲಾಬಿ. ನೂರಾ ಐದಕ್ಕ ಕೆಂಪು.
"ಕೆಂಪಿನ್ದು ಅಂದಾಜ್ರಿ" ಅಂದ.
ಅಂದಾಜು ಅಂತ ಒಪ್ಪಿಕೊಂಡವಗ
ಪೂರಾ ಮಾರ್ಕು ಕೊಟ್ಟೆ.

ಮೇ ತಿಂಗಳು, ಬಸ್ಸಿನ ಮುಷ್ಕರ.
ನೆಗೆಣ್ಣಿ ನೀಲಗಂಗಾನ ಕಣ್ಣಿಗೆ ಪೊರಿ,
ಹುಬ್ಬಳ್ಳಿ ಡಾಕ್ಟರದು ಹನ್ನೆರಡಕ್ಕ ನಂಬರು.
ಇಲ್ಲಾಂದ್ರ ಆಕಿ ನನ್ನ ಗಾಡಿ ಹತ್ತೂ ಪೈಕಿ ಅಲ್ಲ.
ಅತ್ತಿಯ ಪಾಟಲಿ ಆಕಿ ಕೈ ಸೇರಿದ ಮ್ಯಾಲ
ಹನ್ನೊಂದು ವರ್ಷ ನಮ್ಮ ನಡುವ
"ಉಪ್ಪು ಕೊಡ್ರಿ", "ಗಿಲಾಸ ತಗೋರಿ", ಇಷ್ಟ.

ಹುಲಕೋಟಿ ತನಕ ಗುಲಾಬಿ.
ಅಣ್ಣಿಗೇರಿ ರೈಲ್ವೆ ಗೇಟು ಹಾಕಿತ್ತು;
ನಿಂತಲ್ಲೆ ಮುಳ್ಳು ಒಂದು ಕೂದಲೆಳಿ ಏರಿತು.
ಆಮ್ಯಾಲ ಎರಿ ಹೊಲ ಎರಡೂ ಕಡೆ,
ಬಿರಕು ಬಿಟ್ಟ ಕರೀ ನೆಲ, ಎದುರಿನ ಬಿಸಿಗಾಳಿ,
ಮುಂದೊಂದು ಕಡ್ಲಿ ಲಾರಿ, ದಾಟಾಕ ಬಿಡವಲ್ದು.
ಮುಳ್ಳು ಕೆಂಪಿನ ಸೆರಗು ಹಿಡೀತು.

ಹೀಟರ್ ಹಚ್ಚಿದೆ.
"ಹುಚ್ಚು ಹಿಡದೇತೇನ?"
ಹನ್ನೊಂದು ವರ್ಷದಾಗ ಆಕಿ
ನೇರ ನನ್ನ ಕೇಳಿದ ಮೊದಲ ಪ್ರಶ್ನೆ.
"ಎಂಜಿನ್ನಿನ ಝಳ ನಾವಷ್ಟು ತಗೋಬೇಕು" ಅಂದೆ,
"ಅದು ಉಳೀಬೇಕಂದ್ರ."
ಕಿಟಕಿ ಇಳಿಸಿ ಕುಂತಳು.
ಕುಂಕುಮ ಕರಗಿ ಮೂಗಿನ ತನಕ ಬಂದಿತ್ತು. ಒರಸಲಿಲ್ಲ.

ನಲವಡಿ ದಾಟಿ, ಒಂದು ಜಾಲಿಗಿಡ.
ನೆರಳು ಅನ್ನಾಕ ಬರದಂಥ ನೆರಳು.
ಬಾನೆಟ್ಟು ಎತ್ತಿದೆ.
ನಾ ಬಾಟಲಿ ಹುಡಕೂದರಾಗ
ಆಕಿ ಸೆರಗು ಸುತ್ತಿಕೊಂಡು
ರೇಡಿಯೇಟರಿನ ಮುಚ್ಚಳಕ್ಕ ಕೈ ಚಾಚಿದ್ಲು,
ಹಾಲು ಉಕ್ಕತೈತಿ ಅಂತ ಓಡಿ ಹೋದಂಗ.
ಹಿಡದೆ ಆಕಿ ಮುಂಗೈ, ಜೋರಾಗಿ.
ನನ್ನ ಬಟ್ಟಿನ ಕೆಳಗ ಪಾಟಲಿ,
ಬಿಸಲಿಗೆ ಕಾದು ಸುಡಾಕತ್ತಿತ್ತು.

ಬಿಡೂದು ಮರತೆ ಸ್ವಲ್ಪ ಹೊತ್ತು.
ಆಕೀನೂ ಕಸಗೊಳ್ಳಲಿಲ್ಲ.

ನಲವತ್ತು ನಿಮಿಷ.
ಒಂದು ಹಿಂಡು ಕುರಿ ಹೋದವು,
ಕುರುಬರ ಹುಡುಗ "ಪಂಚರ್ ಏನ್ರಿ?" ಅಂದ.
ಎಂಜಿನ್ನು ಟಿಕ್, ಟಿಕ್, ಆರತಿತ್ತು.
ಬರಿಗೈಲಿ ಮುಟ್ಟಿ ನೋಡಿದ ಮ್ಯಾಲ
ಅರಿವಿ ಹಾಕಿ ಮುಚ್ಚಳ ಕಾಲು ಸುತ್ತು ತಿರುವಿದೆ.
ಉಸ್ಸ್...
ಆ ಸಪ್ಪಳ ತೀರೂ ತನಕ ಇಬ್ಬರೂ ನಿಂತಿವಿ.
ಹಸರು ನೀರು, ಅರ್ಧ ಲೀಟರ್ ಹಿಡೀತು.

ಡಾಕ್ಟರ ನಂಬರು ತಪ್ಪಿತ್ತು. ಹೋಗಿದ್ದಂತೂ ಹೌದು.
ದಾರ್ಯಾಗ ಆಕಿ ಮುಂದಕ್ಕ ಬಾಗಿ
ಪೊರಿ ಬಂದ ಕಣ್ಣು ಕಿರಿದು ಮಾಡಿ
ಗೇಜಿನ ಕಡೆ ನೋಡಿದ್ಲು.
"ನನಗ ಕಾಣವಲ್ದು. ಎಲ್ಲೈತಿ?"
"ಗುಲಾಬಿ."
ಶಿರಗುಪ್ಪಿ ಬಂತು.
"ಈಗ?"
"ಗುಲಾಬಿ. ಒಂದೀಟ ಮ್ಯಾಲ."