ಇಪ್ಪತ್ತೆರಡು ಕಿಲೋ

ಖ್ಯಾರ್ಗಸ್ ಸರೋವರದ ಬಳಿ, ಪಶ್ಚಿಮ ಮಂಗೋಲಿಯ

ತೂಕದ ಯಂತ್ರ ಆಸ್ಪತ್ರೆಯಲ್ಲೇ ಉಳಿದಿತ್ತು,
ಎಂಬತ್ತು ಕಿಲೋಮೀಟರ್ ಹಿಂದೆ.
ನನ್ನ ಮೋಟರ್‌ಸೈಕಲ್ಲಿನ ಚೀಲದಲ್ಲಿದ್ದದ್ದು
ಬ್ಯಾಂಡೇಜು, ಕಿತ್ತಳೆ ರುಚಿಯ ಐಬುಪ್ರೊಫೆನ್ ಸಿರಪ್ಪು,
ಆರು ಮುಖಗಳ ಒಂದು ಕಾರ್ಡು.

ಎರಡು ವರ್ಷದ ಕುದುರೆಮರಿ ಕೊಡವಿ ಬೀಳಿಸಿತ್ತಂತೆ.
ತುವ್ಶಿನ್‌ಗೆ ಏಳು. ಮಣಿಕಟ್ಟು ಬಾತು
ನೆನೆದ ಹಿಟ್ಟಿನುಂಡೆ. ಅಳುತ್ತಿರಲಿಲ್ಲ.
ಗುಡಾರದ ಜಾಲರಿ ಗೋಡೆಯ ಕಡ್ಡಿ ಎಣಿಸುತ್ತಿದ್ದ,
ಹದಿನಾಲ್ಕರ ಆಚೆ ತಪ್ಪಿ, ಮತ್ತೆ ಒಂದರಿಂದ.

ಈ ಔಷಧಿಗೆ ಅಂದಾಜು ಸಾಲದು, ಕಿಲೋಗೆ ಇಷ್ಟೆಂದು ಲೆಕ್ಕ.
ಮೇಕೆಯುಣ್ಣೆ ತೂಗುವ ತಕ್ಕಡಿಯನ್ನು ಎಳೆದು ತಂದರು.
ಗೊಂಬೊ ಮಗನನ್ನೆತ್ತಿ ನಿಂತ: ತೊಂಬತ್ತನಾಲ್ಕು.
ಇಳಿಸಿ ನಿಂತ: ಎಪ್ಪತ್ತೆರಡು.
ಮುಳ್ಳು ನಿಂತಮೇಲೂ ಅವನು ಇಳಿಯಲಿಲ್ಲ,
ಕೈಗಳು ಇನ್ನೂ ಎತ್ತಿಕೊಂಡಂತೆಯೇ ಇದ್ದವು.

ನೀರು ಕುಡಿದನೆ? ಕುಡಿದ. ವಾಂತಿ? ಇಲ್ಲ.
ಉಚ್ಚೆ ಹೊಯ್ದನೆ? ಬೆಳಿಗ್ಗೆ, ಕುದುರೆಯ ಮೇಲಿಂದಲೇ.
ಅಜ್ಜಿ ನಕ್ಕಳು, ಬೇರೆ ಯಾರೂ ನಗಲಿಲ್ಲ.

ಕಾರ್ಡು ಹಿಡಿದೆ. ಇದರಲ್ಲಿ ನೀನು ಯಾರು?
ಅಪ್ಪನತ್ತ ನೋಡಿ, ನಗುವ ಮೊದಲನೆಯದಕ್ಕೆ ಬೆರಳಿಟ್ಟ.
ಗೊಂಬೊ, ಈ ಗಾಳಿಗೆ ನನ್ನ ಗಾಡಿ ಬಿದ್ದೀತು,
ಹೋಗಿ ನೋಡು, ಅಂದೆ.
ಬಾಗಿಲು ಮುಚ್ಚಿತು. ಬೆರಳು ಮೆಲ್ಲಗೆ ಸರಿಯಿತು,
ಎರಡು, ಮೂರು, ನಾಲ್ಕು ದಾಟಿ
ಐದರ ಮೇಲೆ ನಡುಗುತ್ತ ನಿಂತಿತು.
"ಆರನೆಯವನು ಅಳುತ್ತಿದ್ದಾನೆ. ನಾನು ಅಳಲಿಲ್ಲ."

ಹನ್ನೊಂದು ಮಿಲಿ. ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ.
ಕುಡಿದು ತುಟಿ ನೆಕ್ಕಿದ.
ಪೆಟ್ಟಿಗೆಯ ಹಲಗೆ, ಕಂಬಳಿಯ ಚೂರು ಸೇರಿಸಿ
ಕೈಗೆ ಆಸರೆ ಕಟ್ಟಿದೆ. ಆಮೇಲೆ ಕಾಯುವುದು.
ಕಾಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.
ಚಹಾ ಎರಡು ಸಲ ಕುದಿಯಿತು, ಒಲೆಗೆ ಬೆರಣಿ ಬಿತ್ತು,
ಅವನ ಭುಜ ಕಿವಿಯ ಬಳಿಯಿಂದ
ಒಂದೊಂದು ಬೆರಳಷ್ಟೇ ಕೆಳಗಿಳಿಯಿತು.
ಮುಕ್ಕಾಲು ಗಂಟೆಗೆ ಕೇಳಿದ:
"ಮರಿಗೆ ಪೆಟ್ಟಾಯಿತಾ?"

ಗೊಂಬೊ ಒಳಬಂದು ಕಾರ್ಡು ಎತ್ತಿಕೊಂಡ, ತಲೆಕೆಳಗಾಗಿ.
ಬಹಳ ಹೊತ್ತು ನೋಡಿದ. "ಕೊನೆಯವನು ನಗುತ್ತಿದ್ದಾನಲ್ಲ."
ತಿರುಗಿಸಿ ಕೊಟ್ಟೆ. ಏನೂ ಅನ್ನಲಿಲ್ಲ.
ಬಾಗಿಲ ಚೌಕಟ್ಟಿನ ಮೇಲೆ ಇದ್ದಿಲಲ್ಲಿ ಬರೆದೆ:
ಮೊದಲು ಊಟ. ರಾತ್ರಿ ಹತ್ತು. ಹನ್ನೊಂದು ಮಿಲಿ.
ನಾಳೆ ಎಕ್ಸ್‌ರೇ.

ಕತ್ತಲಾದಮೇಲೆ ಬೇರೊಂದು ಗುಡಾರ, ಬೇರೊಂದು ಮಗುವಿನ ಜ್ವರ.
ಕೈಗಡಿಯಾರ ನೋಡಿದೆ: ಹತ್ತಕ್ಕೆ ಐದು ನಿಮಿಷ.
ಗುಡ್ಡದಾಚೆ ಈಗ ಒಬ್ಬ
ದೀಪದ ಪಕ್ಕ ಮಂಡಿಯೂರಿ, ಉಸಿರು ಬಿಗಿಹಿಡಿದು,
ಪುಟ್ಟ ಬಟ್ಟಲಿನ ಗೆರೆಗೆ ಕಣ್ಣು ನೆಟ್ಟಿರಬೇಕು.