ಎಂಟು ಜನ, ಒಂದು ನಾಯಿ

ರುವಾನ್ ಊರಿನ ಮ್ಯೂಸಿಯಮ್ಮು, ಏಳನೇ ಕೋಣೆ.
ಮೂಲೆಗೊತ್ತಿದ ನನ್ನ ಕುರ್ಚಿಯಲ್ಲಿ ಕೂತರೆ
ಕಾಣುವುದು ಒಂದೇ ಚಿತ್ರ, ಅದೂ ಓರೆಯಾಗಿ:
ಸೇನ್ ನದಿಯ ದಂಡೆ, ಭಾನುವಾರ,
ಚಪ್ಪರದ ಕೆಳಗೆ ಉಂಡು ಮುಗಿದ ಮೇಜು,
ಎಂಟು ಜನ, ಒಂದು ನಾಯಿ.

ಗೈಡು ಮದಾಂ ವೋಕ್ಲಾಂ ದಿನಕ್ಕೆರಡು ಸಲ ಬರುತ್ತಾಳೆ.
"ಗಮನಿಸಿ, ಒಬ್ಬರೂ ಒಬ್ಬರನ್ನು ನೋಡುತ್ತಿಲ್ಲ.
ಹೊಸ ನಗರದ ಒಂಟಿತನ ಎಂದರೆ ಇದೇ."
ಗುಂಪು ತಲೆದೂಗುತ್ತದೆ. ನನಗೆ ಒಳಗೊಳಗೇ ನಗು.
ನಮ್ಮಮ್ಮನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಮೂರಕ್ಕೆ
ಯಾರು ಯಾರ ಮುಖ ನೋಡುತ್ತಿದ್ದರು?
ಹೊಟ್ಟೆ ತುಂಬಿತ್ತು, ಅಷ್ಟೆ.

ಹುಲ್ಲುಟೋಪಿಯವನು ನೀಲಿ ಉಡುಪಿನವಳಿಗೆ ಮನಸೋತಿದ್ದಾನೆಂದು
ಕೈಪಿಡಿಯಲ್ಲಿ ಅಚ್ಚಾಗಿದೆ.
ಮೂಗು ಸೋರುವ ಒಬ್ಬ ಹುಡುಗ ಬಂದು ಹೇಳಿದ:
ಅಲ್ಲ, ಅವನಿಗೆ ಅವಳ ತಟ್ಟೆಯ ಮೀನು ಬೇಕು. ನಾಯಿಗೂ.
ಅಂದಿನಿಂದ ನನಗೆ ಬೇರೇನೂ ಕಾಣದು.

ಆರು ಹೆಜ್ಜೆ ಹಿಂದೆ ನಿಂತರೆ ತುಳುಕುವ ಲೋಟ.
ಹತ್ತಿರ ಹೋದರೆ
ಕೆಂಪಿನದೊಂದು ಗೀರು, ಬಿಳಿಯದೊಂದು ಬೊಟ್ಟು,
ಅವಸರದಲ್ಲಿ ಮೆತ್ತಿ ಅಲ್ಲೇ ಮರೆತದ್ದು.
ದೂರದ ಬೆಟ್ಟ ನುಣ್ಣಗೆ, ಒಪ್ಪಿದೆ.
ನನ್ನ ಕುರ್ಚಿಯಿಂದ ಕಾಣುವುದು ಬರೀ ಕಲ್ಲುಮುಳ್ಳು.

ಬಲತುದಿಯಲ್ಲಿ ಇನ್ನೊಬ್ಬಳಿದ್ದಾಳೆ,
ಚೌಕಟ್ಟು ಕತ್ತರಿಸಿ ಉಳಿಸಿದಷ್ಟು:
ಒಂದು ತೋಳು, ಏಪ್ರನ್ನಿನ ಗಂಟು, ಎಂಜಲು ತಟ್ಟೆಗಳ ಅಟ್ಟಿ.
ಮುಖ ಇಲ್ಲ.
ಕೈಪಿಡಿಯ ಎಂಟರಲ್ಲಿ ಅವಳು ಸೇರಿಲ್ಲ.
ಹನ್ನೊಂದು ವರ್ಷ ನಾನೂ ಸೇರಿಸಿರಲಿಲ್ಲ.

ಕಳೆದ ಗುರುವಾರ ಸಂಜೆ ಐದೂವರೆ, ಕಾಲು ಸೆಳೆತ.
ಯಾರೂ ಇಲ್ಲವೆಂದು ಷೂವಿನಿಂದ ಹಿಮ್ಮಡಿ ಬಿಡಿಸಿ
ತಣ್ಣನೆ ಕಲ್ಲುನೆಲಕ್ಕೆ ಒತ್ತಿ ಕೂತೆ.
ಆಗ ಕಂಡಿತು, ಅವಳ ಲಂಗದ ಅಂಚಿನ ಕೆಳಗೆ
ಗುಲಾಬಿ, ಬೂದಿ, ಉಗುರಿನಷ್ಟು ಬಿಳಿ:
ಅವಳ ಹಿಮ್ಮಡಿಯೂ ಷೂವಿನಿಂದ ಹೊರಗೆ!

ವೋಕ್ಲಾಂಗೆ ತೋರಿಸಿದೆ.
ಕನ್ನಡಕ ಏರಿಸಿ, ಸೊಂಟ ಬಗ್ಗಿಸಿ ನೋಡಿದಳು.
"ಅಯ್ಯೋ ಸೊಲಾಂಜ್, ಅದು ಬೆಂಚಿನ ಕಾಲಿಗೆ ಬಿದ್ದ ಬಿಸಿಲು."

ಇರಬಹುದು.
ಬಾಗಿಲು ಹಾಕುವ ಗಂಟೆಯಾಯಿತು. ಏಳಬೇಕು.
ಎಡಗಾಲು ಊದಿದೆ,
ಷೂ ಒಳಗೆ ಹೋಗಲೊಲ್ಲದು.