ಹಾಜರಿ

ಕಾಸಿಯೂನ್ ಬೆಟ್ಟದ ಇಳಿಜಾರಲ್ಲಿ, ಸಾಲಿಹಿಯಾ ಕೇರಿಯಲ್ಲಿ
ಉಲ್ಫಾ ಅಜ್ಜಿಯ ಮನೆ. ತೊಂಬತ್ತೊಂದು ವರ್ಷ, ಮೂರು ಹಲ್ಲು,
ಪ್ರವಾದಿಯ ಮಾತು ನಾಲ್ಕು ಸಾವಿರ, ಬಾಯಿಪಾಠ.
ಪ್ರತಿ ಮಾತಿನ ಹಿಂದೆ ಯಾರಿಂದ ಯಾರಿಗೆ ಬಂತೆಂಬ ಸರಪಳಿ;
ಒಂದು ಕೊಂಡಿ ತಪ್ಪಿದರೂ
ಓದುವವನನ್ನು ಬೆರಳೆತ್ತಿ ನಿಲ್ಲಿಸುವಳು.

ನಾನು ಹಾಜರಿ ಬರೆಯುವವ. ಹದಿನೇಳರ ಮೀಸೆ,
ಜಂಬದ ಜೊಂಡಿನ ಲೇಖನಿ.
ಯಾರು ಬಂದರು, ಎಷ್ಟು ಕೇಳಿದರು, ಹೊತ್ತಗೆಯ ಅಂಚಿನಲ್ಲಿ:
"ತಾಮ್ರಗಾರ ಬದ್ರಾನ್, ಪೂರ್ತಿ.
ಅವನ ಮಗಳು ಝುಮುರ್ರುದ್, ನಾಲ್ಕು ವರ್ಷ, ಆಟವಾಡುತ್ತ.
ಹಮಾ ಊರಿನ ವಹ್ಬಾನ್, ಎರಡನೆಯ ಎಲೆಯಿಂದ ತೂಕಡಿಕೆ."
ಸುಳ್ಳು ಬರೆಯುವಂತಿಲ್ಲ. ನಿದ್ದೆಗೂ ಲೆಕ್ಕ.

ಅಡುಗೆಮನೆಯ ಬಾಗಿಲಾಚೆ ಹಿಟ್ಟು ನಾದುವ ಸದ್ದು.
ಕಿಪ್ಚಾಕ್ ಬಯಲಿನಿಂದ ಕೊಂಡು ತಂದ ಹುಡುಗಿ.
ಹೆಸರು ಘುಸ್ನ್, ಎಂದರೆ ಕೊಂಬೆ.
ಯಾವ ಮರದ್ದೆಂದು ಯಾರೂ ಕೇಳಿರಲಿಲ್ಲ.

ಆ ದಿನ ಓದುತ್ತಿದ್ದವನು ಒಂದು ಹೆಸರು ಹಾರಿಸಿದ.
ಅಜ್ಜಿಗೆ ಕೆಮ್ಮು, ಬೆರಳೇಳಲಿಲ್ಲ.
ಒಳಗೆ ನಾದುವ ಸದ್ದು ನಿಂತಿತು.
ಬಾಗಿಲ ಸಂದಿಯಿಂದ ಸಣ್ಣಗೆ:
"ಅವನಿಗೆ ಹೇಳಿದ್ದು ಅವನ ಸೋದರತ್ತೆ. ರಬಾಬ್."

ಅಜ್ಜಿ ಕೆಮ್ಮು ನುಂಗಿ ನನ್ನತ್ತ ತಿರುಗಿದಳು. "ಬರೆ."
"ಬಾಗಿಲಾಚೆ ಇದ್ದವಳು, ತಾಯಿ. ಹಾಜರಿದ್ದಂತೆ ಆಯಿತೇ?"
"ಕಿವಿ ಎಲ್ಲಿತ್ತು ಕೇಳು, ಮೈ ಎಲ್ಲಿತ್ತೆಂದಲ್ಲ.
ಬರೆ. ಪೂರ್ತಿ ಕೇಳಿದಳು ಅಂತ ಬರೆ."

ಬರೆದೆ. ಅಂಚಿನ ಅಂಚಿನಲ್ಲಿ, ಇರುವೆಯಷ್ಟು ಅಕ್ಷರ,
ಶಾಯಿಗೆ ತುಸು ನೀರು ಬೆರೆಸಿ.
ಇದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ.

ಅಜ್ಜಿ ಹೋದ ದಿನ ದಿಂಬಿನಡಿ ಬಿಡುಗಡೆಯ ಪತ್ರ ಸಿಕ್ಕಿತು,
ಘುಸ್ನ್‌ಳದು, ತಾರೀಖು ಆ ಕೆಮ್ಮಿನ ದಿನದ್ದು.

ಅರವತ್ತು ಚಳಿಗಾಲ. ಮಹಾಮಾರಿ ಬಂತು, ಹೋಯಿತು, ಮತ್ತೆ ಬಂತು.
ಪಟ್ಟಿಯ ಹೆಸರುಗಳು ಒಂದೊಂದಾಗಿ ಮಣ್ಣಿಗೆ,
ಆಟವಾಡುತ್ತಿದ್ದ ಝುಮುರ್ರುದ್ ಕೂಡ, ಮೂರನೆಯ ಹೆರಿಗೆಯಲ್ಲಿ.
ಉಲ್ಫಾಳ ಬಾಯಿಂದ ಕೇಳಿದವರು ಲೋಕದಲ್ಲೀಗ ಇಬ್ಬರೇ.
ನನ್ನದು ವಿವಾದ: ಕೈ ಬರೆಯುತ್ತಿದ್ದಾಗ ಕಿವಿ ಕೇಳಿತೇ?
ಪಂಡಿತರು ಗಡ್ಡ ನೀವುತ್ತಾರೆ.
ಅವಳದು ನಿಸ್ಸಂದೇಹ. ಸಾಕ್ಷಿ ನನ್ನದೇ ಅಕ್ಷರ.

ಕೈರೋದಿಂದ, ತಬ್ರೀಝಿನಿಂದ ಹೇಸರಗತ್ತೆ ಏರಿ ಬರುತ್ತಾರೆ.
ಮೊಲೆ ಬಿಡದ ಕೂಸುಗಳನ್ನೂ ತರುತ್ತಾರೆ,
ಅವಳ ದನಿ ಒಮ್ಮೆ ಕಿವಿಗೆ ಬಿದ್ದಿರಲೆಂದು.
ಬಂದವರಿಗೆ ಜಾಗ ಬಿಟ್ಟು ನಾನು ಬಾಗಿಲಾಚೆ ಕೂರುತ್ತೇನೆ,
ಹಿಟ್ಟಿನ ಮರಿಗೆಗೆ ಒರಗಿ.

ನಿನ್ನೆ, ಹಾಜರಿ ಬರೆಯುವ ಪೋರನ ಪುಟ ಇಣುಕಿದೆ.
"ಮುದುಕ ಸಂಜರ್. ಅರ್ಧ ಕೇಳಿದ. ಮಿಕ್ಕದ್ದಕ್ಕೆ ಗೊರಕೆ."
ದಪ್ಪ ಶಾಯಿ, ನೆಟ್ಟಗಿನ ಸಾಲು.

ಘುಸ್ನ್ ನಕ್ಕಳು. ಹಲ್ಲು ಅವಳಿಗೂ ಮೂರೇ.
ಆಮೇಲೆ, ನನಗೆ ತಪ್ಪಿದ್ದ ಎಲೆಯಿಂದ
ಮತ್ತೆ ಶುರುಮಾಡಿದಳು.